ನಮ್ಮ ಫ್ರಿಡ್ಜಿನ ಟಿಸಿ

ಲ್ಯಾಬಿನ ಸಾಮಾನು ವಾಡಿಯ ರೈಲ್ವೆ ಕ್ವಾರ್ಟರ್ಸಿಗೆ ಬಂದರೆ ಸಾಮಾನಾಗಿ ಉಳಿಯುವುದಿಲ್ಲ, ನೆಂಟನಾಗಿಬಿಡುತ್ತದೆ. ದೇಹದೊಳಗಿನ ಗಡಿಯಾರದ ಮೇಲೆ ಸಂಶೋಧನೆ ಮಾಡುವ ನನಗೆ ಇದು ಮೇಲಿಂದ ಮೇಲೆ ಆಗುತ್ತದೆ. ಈ ಸಲ ಕಲಬುರಗಿಯ ನಮ್ಮ ಲ್ಯಾಬಿನ ಫ್ರಿಡ್ಜ್ ಕೆಟ್ಟಿತು. "ನಾಲ್ಕು ದಿನ ನಿಮ್ಮ ಮನೆಯಲ್ಲೇ ಇಡಮ್ಮ" ಎಂದು ಗೈಡ್ ಕೈಗಿತ್ತದ್ದು ಬೆರಳುದ್ದದ ಒಂದು ಶೀಶೆ, ಆ್ಯಂಟಿಬಾಡಿ. ಐದು ತಿಂಗಳು ಕಾದು ತರಿಸಿದ್ದು. ತಣ್ಣಗಿರದಿದ್ದರೆ ಕೆಡುತ್ತದೆ. ಕೆಟ್ಟರೆ ನನ್ನ ಪಿಎಚ್.ಡಿ. ಇನ್ನೊಂದು ವರ್ಷ ಮುಂದಕ್ಕೆ.

೧

ಅಪ್ಪ ರೈಲಿನಲ್ಲಿ ಟಿಸಿ. ಶೀಶೆ ನೋಡಿ, "ಏನ್ ಮಾಡ್ತದ ಇದು?" ಎಂದರು.

"ರಕ್ತದಾಗ ಸಾವಿರ ಪ್ರೋಟೀನ್ ಇರ್ತಾವಪ್ಪ. ಅದರಾಗ ಗಡಿಯಾರದ ಪ್ರೋಟೀನ್ ಒಂದನ್ನೇ ಹುಡುಕಿ ಹಿಡೀತದ."

"ಅಂದ್ರ ನನ್ನಂಗ ಟಿಸಿ." ಸ್ವಲ್ಪ ಯೋಚಿಸಿ ತಲೆಯಾಡಿಸಿದರು. "ಇಲ್ಲ, ಸಾವಿರ ಮಂದ್ಯಾಗ ಒಬ್ಬನ್ನೇ ಹಿಡೀತದಂದ್ರ ಅದು ಟಿಸಿ ಅಲ್ಲ, ನಿಮ್ಮವ್ವ."

೨

ಪಕ್ಕದ ಮನೆಯ ಕಾಕಾ ಗೂಡ್ಸ್ ಗಾಡಿ ಡ್ರೈವರ್. ನನ್ನ ಸಂಶೋಧನೆಗೆ ಮೊದಲು ರಕ್ತ ಕೊಟ್ಟ ಪುಣ್ಯಾತ್ಮ. ಶೀಶೆ ಬಂದ ಸುದ್ದಿ ಕೇಳಿ ಚಮಚ ಹಿಡಿದುಕೊಂಡೇ ಬಂದರು.

"ನನಗೂ ಒಂದು ಹನಿ ಹಾಕವ್ವ, ನಿದ್ದಿ ಬರ್ಲಿ."

"ಇದು ಔಷಧ ಅಲ್ಲರಿ ಕಾಕಾ. ನಿಮ್ಮ ದೇಹಕ್ಕ ಹಗಲು ಯಾವಾಗ, ರಾತ್ರಿ ಯಾವಾಗ ಅಂತ ಹೇಳೋ ಪ್ರೋಟೀನ್ ತೋರಸ್ತದ, ಅಷ್ಟೇ."

"ನನಗ ಅದನ್ನ ಹೇಳೋದು ಡ್ಯೂಟಿ ಲಿಸ್ಟ್. ಅದರ ರಕ್ತ ತಗೋ, ನನ್ನದ್ಯಾಕ?"

೩

ಮೂರನೆಯ ದಿನ ಅವ್ವ, "ಇದನ್ನ ಎದರಾಗ ಮಾಡ್ತಾರ?" ಎಂದು ಕೇಳಿದಳು. ಮೊಲದ ರಕ್ತದಿಂದ ಎಂದು ನಿಜ ಹೇಳಿದ್ದು ನನ್ನ ತಪ್ಪು. ಮರುದಿನ ಏಕಾದಶಿ. ನಾನು ಶಹಾಬಾದಿಗೆ ಹೋಗಿ ಮಧ್ಯಾಹ್ನ ಬಂದು ಫ್ರಿಡ್ಜ್ ತೆಗೆದರೆ ಶೀಶೆ ಇಲ್ಲ. ಅವ್ವನನ್ನು ಕೂಗಿದೆ.

"ಏಕಾದಶಿ ದಿನ ದೇವರ ಹಾಲಿನ ಬಾಜೂಕ ಮೊಲದ ರಕ್ತ ಹೆಂಗ ಇಡ್ಲಿ?" ಎಂದಳು ಅವ್ವ. "ಬಾಜೂ ಮನ್ಯಾಗ ಇಟ್ಟ ಬಂದೀನಿ. ಅವರು ತತ್ತಿ, ಮೀನ ಎಲ್ಲಾ ಇಡ್ತಾರ, ನಡೀತದ."

ಓಡಿದೆ. ಕಾಕಾನ ಹೆಂಡತಿ ಕಾಕು ಫ್ರಿಡ್ಜ್ ತೆಗೆದು ತೋರಿಸಿದರು. ಇಡೀ ಫ್ರಿಡ್ಜಿನಲ್ಲಿ ತೊಳೆದ ಸ್ಟೀಲ್ ಬಟ್ಟಲು ಒಂದೇ, ಅದರಲ್ಲಿ ನನ್ನ ಶೀಶೆ, ಮುಟ್ಟಿದರೆ ಮಂಜಿನಷ್ಟು ತಣ್ಣಗೆ.

"ನಿಮ್ಮವ್ವ ಏಕಾದಶಿ ದಿನ ಮಡಿ ಉಟ್ಕೊಂಡು ತಂದುಕೊಟ್ಟಾಳಂದ್ರ ದೇವರ ಸಾಮಾನ ಅಂತ ತಿಳಕೊಂಡೆ," ಎಂದರು ಕಾಕು. "ತತ್ತಿ, ಮೀನ ಎಲ್ಲಾ ಹೊರಗ ತಗದೆ. ಮುಂಜಾನಿಯಿಂದ ಬಾಗಿಲಾನೂ ತಗದಿಲ್ಲ."

ನಮ್ಮ ಮನೆಯಲ್ಲಿದ್ದಿದ್ದರೆ ಅಷ್ಟರಲ್ಲಿ ಹಾಲಿಗೆ, ಹಣ್ಣಿಗೆ ಎಂದು ಇಪ್ಪತ್ತು ಸಲ ತೆಗೆಯುತ್ತಿದ್ದರು. ಕಾಕುವನ್ನು ತಬ್ಬಿಕೊಂಡು ಅಲ್ಲೇ ಅತ್ತುಬಿಟ್ಟೆ. ಆಮೇಲೆ ಮೊಲದ ವಿಷಯ ಹೇಳಿದೆ. ಕಾಕು ನಕ್ಕು ನಕ್ಕು ನೆಲಕ್ಕೆ ಕುಳಿತರು.

ಒಳಗೆ ಕಾಕಾ ಬೆವರೊರೆಸುತ್ತ ಊಟ ಮಾಡುತ್ತಿದ್ದರು. ಮುಂದೆ ಮೂರು ದಿನಕ್ಕಾಗುವಷ್ಟು ಮೀನು, ಹನ್ನೆರಡು ತತ್ತಿ.

"ಏಕಾದಶಿ ಹಿಡಿದಾಕಿ ನಿಮ್ಮವ್ವ," ಎಂದರು, "ಉಪವಾಸ ಬಿದ್ದದ್ದು ನಮ್ಮ ಫ್ರಿಡ್ಜು, ಪಾರಣಿ ಮಾಡಾಕತ್ತಾಂವ ನಾನು."