ಯಾರೂ ಏಳದ ಸಿನಿಮಾ

ಇಷ್ಟಕ್ಕೆಲ್ಲ ಕಾರಣ ಹಲ್ಲಿನ ಡಾಕ್ಟರು ಹೋದ ವಾರ ಲ್ಯಾಪ್‌ಟಾಪಿಗೆ ಕೊಟ್ಟ ಒಂದು ಏಟು. ಅಪಾರ್ಟ್‌ಮೆಂಟಿನ ಚಿತ್ರಸಂಘದವರು ಭಾನುವಾರ ಮಧ್ಯಾಹ್ನ ಯಾವುದೋ ವಿದೇಶಿ ಸಿನಿಮಾ ಹಾಕಿದ್ದರು. ತೆರೆಯ ಮೇಲೆ ಒಬ್ಬ ಮುದುಕ ಕಿಟಕಿಯಾಚೆ ನೋಡುತ್ತ ಕುಳಿತ. ಕುಳಿತೇ ಇದ್ದ. "ನಿಂತು ಹೋಯ್ತು ಕಣ್ರೀ ಇದು!" ಎಂದು ಡಾಕ್ಟರು ಎದ್ದು ಬಂದು ಲ್ಯಾಪ್‌ಟಾಪಿನ ಬೆನ್ನಿಗೆ ಫಟ್ಟನೆ ಬಾರಿಸಿದರು. ಮುದುಕ ಕಿಟಕಿಯ ಸಮೇತ ಮಾಯವಾದ. ಅವನ ಹಿಂದೆಯೇ ಪ್ರೇಕ್ಷಕರೂ ಮಾಯವಾದರು.

ಮರುದಿನ ಅಪಾರ್ಟ್‌ಮೆಂಟಿನ ಅಧ್ಯಕ್ಷರು ಚಿತ್ರಸಂಘದ ಕಾರ್ಯದರ್ಶಿಯನ್ನು ಕರೆಸಿದರು. ಅಧ್ಯಕ್ಷರು ನಿವೃತ್ತ ಸ್ಟೇಷನ್ ಮಾಸ್ತರರು. ನಿವೃತ್ತಿಯಾದದ್ದು ಕೆಲಸ ಮಾತ್ರ, ದನಿಯಲ್ಲ. "ನೋಡಿ ಕಾರ್ಯದರ್ಶಿಗಳೇ, ವ್ಯಾಯಾಮದ ಕ್ಲಾಸಿನವರು ಹಾಲ್ ಕೇಳ್ತಿದ್ದಾರೆ. ಮುಂದಿನ ಸಿನಿಮಾಕ್ಕೆ ಖುದ್ದು ನಾನೇ ಬಂದು ಕೂತ್ಕೋತೀನಿ. ಮಧ್ಯದಲ್ಲಿ ಒಬ್ಬರು ಎದ್ರೂ ಹಾಲ್ ಅವರದ್ದು. ಯಾರೇ ಆಗಿರ್ಲಿ!"

ವಾರವೆಲ್ಲ ಕನ್ನಡಕದಂಗಡಿಯಲ್ಲಿ ಕುಳಿತು ಗಾಜು ಉಜ್ಜುವ ಬಡಪಾಯಿ ಕಾರ್ಯದರ್ಶಿಗಳಿಗೆ ಲೋಕದಲ್ಲಿ ಇದ್ದ ಒಂದೇ ಸುಖವೆಂದರೆ ಭಾನುವಾರದ ಆ ಕತ್ತಲೆ ಹಾಲ್. ಹೋಗಲಿ, ನಾಲ್ಕು ಹಾಡು, ಎರಡು ಹೊಡೆದಾಟ ಇರುವ ಸಿನಿಮಾ ಹಾಕಿ ಗೆದ್ದುಬಿಡೋಣವೆಂದರೆ ನೋಟೀಸು ಅಂಟಿಸಿಯಾಗಿತ್ತು. ಫ್ರೆಂಚ್ ಸಿನಿಮಾ. ಅದರಲ್ಲೂ ಸಿನಿಮಾ ಹುಚ್ಚರೆಲ್ಲ ಕೈಮುಗಿಯುವ ಉದ್ದನೆಯ ಶಾಟ್ ಇರುವಂಥದ್ದು. ರಸ್ತೆಯಲ್ಲಿ ಸಿಕ್ಕಿಬಿದ್ದ ವಾಹನಗಳ ಸಾಲು. ಪಕ್ಕದಲ್ಲೇ ಕ್ಯಾಮೆರಾ, ಎಲ್ಲೂ ಕತ್ತರಿ ಬೀಳದೆ, ಮೆಲ್ಲಗೆ ಸಾಗುತ್ತಲೇ ಇರುತ್ತದೆ. ಆ ಶಾಟ್ ಬಗ್ಗೆ ಕಾರ್ಯದರ್ಶಿಗಳು ವರ್ಷಗಟ್ಟಲೆ ಓದಿದ್ದರು, ನೋಡಿರಲಿಲ್ಲ. ಅದನ್ನು ನೋಡುತ್ತ ಕೆಲವರು ನಗುತ್ತಾರಂತೆ, ಕೆಲವರು ಶಾಪ ಹಾಕುತ್ತಾರಂತೆ, ಕೆಲವರು ಎದ್ದೇ ಹೋಗುತ್ತಾರಂತೆ. ಈ ಕೊನೆಯದು ನೆನಪಾದಾಗಲೆಲ್ಲ ಅವರು ಉಜ್ಜಿದ ಗಾಜನ್ನೇ ಮತ್ತೆ ಉಜ್ಜುತ್ತಿದ್ದರು.

ಭಾನುವಾರ ಬೆಳಿಗ್ಗೆಯೇ ತಲೆ ಬಾಚಿಕೊಂಡು ಮನೆಮನೆ ತಿರುಗಲು ಹೊರಟರು.

"ಓಟು ಕೇಳೋಕೆ ಹೊರಟ್ರಾ?" ಎಂದಳು ಹೆಂಡತಿ.

"ಓಟಾದ್ರೆ ಸುಲಭ ಕಣೇ. ಒತ್ತಿ ಮನೆಗೆ ಹೋಗ್ತಾರೆ. ಇಲ್ಲಿ ಕೂತೇ ಇರ್ಬೇಕು."

ಮೊದಲು ಡಾಕ್ಟರ ಮನೆ. "ಡಾಕ್ಟ್ರೇ, ನಿಮ್ಮ ಕೈ ಹಿಡಿದು ಕೇಳ್ಕೋತೀನಿ. ಇವತ್ತು ಏನೇ ಆದ್ರೂ ನಿಂತು ಹೋಯ್ತು ಅನ್ನಬೇಡಿ, ಏಳಬೇಡಿ. ನಿಂತ ಹಾಗೆ ಅನ್ನಿಸೋದೇ ಅದರ ಕಲೆ."

"ನಿಜವಾಗ್ಲೂ ನಿಂತ್ರೆ?"

"ನಿಲ್ಲಲ್ಲ."

"ಅಲ್ಲಾರೀ, ನಿಂತ್ರೆ ಅಂತೀನಿ?"

"ಅದನ್ನೂ ಕಲೆ ಅಂದ್ಕೊಂಡು ಬಿಡಿ, ನಿಮ್ಮ ದಮ್ಮಯ್ಯ!"

ಎದುರು ಮನೆಯ ಡ್ರೈವಿಂಗ್ ಸ್ಕೂಲಿನವರು ತುಸು ಆಸೆಪಟ್ಟರು. "ಅಷ್ಟೊಂದು ಗಾಡಿ ನಿಂತಿವೆ ಅಂದ್ರೆ ಯಾರೋ ಒಬ್ಬನ ತಪ್ಪಿರ್ಬೇಕಲ್ಲ? ಯಾರು ಅಂತ ತೋರಿಸ್ತಾರಾ?" ಕೊನೆಯಲ್ಲಿ ತೋರಿಸುತ್ತಾರೆ, ಅಲ್ಲಿಯವರೆಗೆ ಅಲುಗಾಡಬಾರದು ಎಂದು ಕಾರ್ಯದರ್ಶಿಗಳು ಮಾತು ತೆಗೆದುಕೊಂಡರು.

ಕೆಳಗಿನ ಮನೆಯಲ್ಲಿ ಅತ್ತೆ ಸೊಸೆಗೆ ಮಾತು ಬಿಟ್ಟು ತಿಂಗಳುಗಳೇ ಆಗಿದ್ದವು. "ಅವಳು ಬರೋದಾದ್ರೆ ನನ್ನ ಕುರ್ಚಿ ದೂರ ಇರ್ಲಿ ಅಂತ ಹೇಳಪ್ಪ" ಎಂದರು ಅತ್ತೆ. "ನಂಗೂ ಅದೇ ಬೇಕಾಗಿರೋದು ಅಂತ ಹೇಳಿ ಅಣ್ಣ" ಎಂದು ಅಡುಗೆಮನೆಯಿಂದ ಉತ್ತರ ಬಂತು. ಕಾರ್ಯದರ್ಶಿಗಳು ಇಬ್ಬರಿಗೂ ಹೂಂ ಎಂದರು. ಆದರೆ ಮಧ್ಯಾಹ್ನ ಜನ ತುಂಬಿಬಿಟ್ಟರು. ಉಳಿದದ್ದು ಅಕ್ಕಪಕ್ಕದ ಎರಡೇ ಕುರ್ಚಿ. ಅತ್ತೆ ಒಂದು ಗೋಡೆ ನೋಡುತ್ತ, ಸೊಸೆ ಇನ್ನೊಂದು ಗೋಡೆ ನೋಡುತ್ತ ಕುಳಿತರು. ಮುಂದಿನ ಸಾಲಿನಲ್ಲಿ, ಲ್ಯಾಪ್‌ಟಾಪಿನ ಮೇಜಿಗೆ ತಾಗಿದ ಕುರ್ಚಿಯಲ್ಲಿ, ಅಧ್ಯಕ್ಷರು. ಅವರ ಬೆನ್ನ ಹಿಂದೆಯೇ ಕಾರ್ಯದರ್ಶಿ.

ಸಿನಿಮಾ ಶುರುವಾಗಿ, ಅಂತೂ ಆ ಶಾಟ್ ಬಂತು. ಕಾರು, ಬಸ್ಸು, ಮತ್ತೆ ಕಾರು. ಹಾರ್ನೋ ಹಾರ್ನು.

"ಆ ಬಿಳಿ ಕಾರಿನೋನು ನುಗ್ತಿದ್ದಾನೆ ನೋಡ್ರೀ! ಇಂಡಿಕೇಟರ್ ಹಾಕೋಕೇನು ಧಾಡಿ?" ಎಂದು ಡ್ರೈವಿಂಗ್ ಸ್ಕೂಲಿನವರು ಕುರ್ಚಿಯಲ್ಲೇ ಬ್ರೇಕ್ ಒತ್ತಿದರು. "ಅಲ್ಲಿ ಬಯ್ತಿರೋನ ಮುಂದಿನ ಹಲ್ಲು ಕಟ್ಟಿಸಿದ್ದು" ಎಂದರು ಡಾಕ್ಟರು. "ಮಕ್ಕಳಿಗೆ ಬಿಸಿಲು ಬಡೀತಿದೆ, ಒಂದು ಟೋಪಿ ಹಾಕಬಾರದಾ?" ಎಂದು ಅತ್ತೆ ಗೋಡೆಗೆ ಹೇಳಿದರು. "ಮುಂದೆ ಸಿಗ್ನಲ್ ಕೊಟ್ಟಿಲ್ಲ" ಎಂದು ಅಧ್ಯಕ್ಷರು ತೀರ್ಪಿತ್ತು, ಹಿತವಾಗಿ ಹಿಂದಕ್ಕೊರಗಿದರು.

ಒಬ್ಬರೂ ಏಳುತ್ತಿಲ್ಲ! ಕಾರ್ಯದರ್ಶಿಗಳು ಬೆಳಗಿನಿಂದ ಹಿಡಿದಿದ್ದ ಉಸಿರನ್ನು ಮೆಲ್ಲಗೆ ಬಿಟ್ಟರು.

ಆಗ ತೆರೆಯ ಮೇಲೆ ಒಂದು ನೀಲಿ ಲಾರಿ ಬಂತು. ಪಕ್ಕದಲ್ಲಿ ಹುಡುಗಿಯೊಬ್ಬಳು ಚೆಂಡನ್ನು ಮೇಲಕ್ಕೆಸೆದಳು. ಹಾರ್ನುಗಳೆಲ್ಲ ಒಮ್ಮೆಲೇ ಬಾಯಿ ಮುಚ್ಚಿದವು. ಎಂಥ ಮೌನ, ಎಂಥ ನಿರ್ದೇಶಕ ಎಂದು ಕಾರ್ಯದರ್ಶಿಗಳಿಗೆ ಮೈ ಝುಮ್ಮೆಂದಿತು. ಆದರೆ ಚೆಂಡು ಕೆಳಗೆ ಬರಲಿಲ್ಲ. ಎಷ್ಟು ಕಾದರೂ ಬರಲಿಲ್ಲ. ಫ್ರಾನ್ಸಿನಲ್ಲೇ ಆಗಲಿ, ಮೇಲೆ ಹೋದ ಚೆಂಡು ಕೆಳಗೆ ಬರಲೇಬೇಕಲ್ಲ! ಸಿನಿಮಾ ನಿಜಕ್ಕೂ ನಿಂತುಹೋಗಿತ್ತು.

ಒಂದು ಗುಂಡಿ ಒತ್ತಿದರೆ ಮುಗಿಯಿತು. ಆದರೆ ಒತ್ತಲು ಏಳಬೇಕು. ಎದ್ದರೆ ಹಾಲ್ ಹೋಯಿತು. ಯಾರೇ ಆಗಿರಲಿ ಎಂದು ಅಧ್ಯಕ್ಷರು ಒತ್ತಿ ಹೇಳಿದ್ದರಲ್ಲ. ಹೇಳೋಣವೆಂದರೆ, ನಿಂತು ಹೋಯ್ತು ಅನ್ನಬೇಡಿ ಎಂದು ಊರಿಗೆಲ್ಲ ಉಪದೇಶ ಮಾಡಿದ ಬಾಯಿ. ಕುಳಿತಲ್ಲಿಂದಲೇ ಕುರ್ಚಿಯನ್ನು ಜರುಗಿಸಿದರು. ಅದು ಕಿರ್ರೆಂದಿತು. ಅಧ್ಯಕ್ಷರು ತಿರುಗಿ ನೋಡಿದರು. ಕಾರ್ಯದರ್ಶಿಗಳು ಗಲ್ಲಕ್ಕೆ ಕೈಕೊಟ್ಟು ಕಲಾರಸಿಕರಾದರು. ಸ್ವಲ್ಪ ಹೊತ್ತು ಬಿಟ್ಟು, ಕುರ್ಚಿಗೆ ಸಿಕ್ಕಿಸಿದ್ದ ತಮ್ಮ ಛತ್ರಿಯ ತುದಿಯನ್ನು ಅಧ್ಯಕ್ಷರ ಕಿವಿಯ ಪಕ್ಕದಿಂದ ಮೇಜಿನತ್ತ ತೂರಿಸಿದರು. ಗುಂಡಿ ಸಿಗಲಿಲ್ಲ, ಅಧ್ಯಕ್ಷರ ಕನ್ನಡಕ ಸಿಕ್ಕಿತು. ಅದು ಕಾರ್ಯದರ್ಶಿಗಳೇ ಕೂರಿಸಿಕೊಟ್ಟ ಗಾಜು. ಅಧ್ಯಕ್ಷರು ಕನ್ನಡಕ ಸರಿಪಡಿಸಿಕೊಂಡು, ಛತ್ರಿಯನ್ನು ಕಸಿದು ತಮ್ಮ ತೊಡೆಯ ಮೇಲಿಟ್ಟುಕೊಂಡರು.

ಹಿಂದೆ ಪಿಸುಪಿಸು ಶುರುವಾಯಿತು. ನನ್ನನ್ನೇ ಬಯ್ಯುತ್ತಿದ್ದಾರೆ, ಇನ್ನೇನು ಒಬ್ಬೊಬ್ಬರೇ ಏಳುತ್ತಾರೆ ಎಂದು ಕಾರ್ಯದರ್ಶಿಗಳು ಕಣ್ಣು ಮುಚ್ಚಿಕೊಂಡರು. ಕಿಟಕಿಯ ಪರದೆ ಸಂದಿಯ ಬಿಸಿಲು ಕರಗಿ ಸಂಜೆಯಾಗುವವರೆಗೂ ತೆರೆಯಲೇ ಇಲ್ಲ.

ತೆರೆದದ್ದು ಚಪ್ಪಾಳೆಗೆ. ಸಿನಿಮಾದ ಹೊತ್ತು ಮುಗಿದು ದೀಪ ಹತ್ತಿತ್ತು. ಜನ ನಗುನಗುತ್ತ ಮೈಮುರಿಯುತ್ತಿದ್ದರು.

"ಒಬ್ಬರೂ ಏಳಲಿಲ್ಲ. ಹಾಲ್ ನಿಮ್ಮದೇ!" ಎಂದು ಅಧ್ಯಕ್ಷರು ಬೆನ್ನು ತಟ್ಟಿದರು.

ಕಾರ್ಯದರ್ಶಿಗಳ ತಲೆಯ ಮೇಲಿನ ಬಂಡೆ ಇಳಿಯಿತು. ಆ ಸಂತೋಷದಲ್ಲಿ ಮನಸ್ಸು ತಡೆಯದೆ, "ಸಾರ್, ಒಂದು ತಪ್ಪಾಗಿದೆ. ಅದು ಮಧ್ಯದಲ್ಲಿ..." ಎಂದರು.

"ನಿಂತು ಹೋಗಿತ್ತು. ಜೀವಮಾನವೆಲ್ಲ ನಿಂತ ಗಾಡಿ ನೋಡಿದೋನು ನಾನು, ನಂಗೆ ತಿಳಿಯಲ್ವಾ?"

"ಎಲ್ಲರಿಗೂ ಗೊತ್ತಾಯ್ತು ಕಣ್ರೀ" ಎಂದರು ಡಾಕ್ಟರು. "ಮೊದಲು ನಿಮ್ಮ ಮುಖ ನೋಡಿ ಸುಮ್ಮನಿದ್ವಿ. ಆಮೇಲೆ ಹಿತವಾಯ್ತು. ಕೆಳಗೆ ಬರೋ ಅಕ್ಷರ ಓದೋ ಗೋಜಿಲ್ಲ, ಯಾರು ಯಾರ ಮಗ ಅಂತ ತಲೆ ಕೆಡಿಸ್ಕೊಳ್ಬೇಕಾಗಿಲ್ಲ. ಎಷ್ಟು ದಿನ ಆಗಿತ್ತು ಹಾಗೆ ನಿದ್ದೆ ಮಾಡಿ!"

ಅತ್ತೆ ಸೊಸೆಯ ಕೈ ಹಿಡಿದು ಎದ್ದರು. "ಲಾರೀಲಿ ಹತ್ತಿ ಇದೆ ಅಂತ ನಾನು, ಇಲ್ಲ ಅತ್ತೆ, ಹುಲ್ಲು ಅಂತ ಇವಳು. ಮಾತು ಬೆಳೀತು ನೋಡಪ್ಪ. ಮುಂದಿನ ವಾರಾನೂ ಇದನ್ನೇ ಹಾಕು."

"ತೀರ್ಮಾನ ಆಗಿದೆಯಮ್ಮಾ" ಎಂದರು ಅಧ್ಯಕ್ಷರು. "ಇನ್ಮೇಲೆ ಪ್ರತಿ ಭಾನುವಾರ ಇದೇ ಲಾರಿ."

"ಬೇರೆ ಸಿನಿಮಾ?" ಕಾರ್ಯದರ್ಶಿಗಳ ದನಿ ಕೀರಲಾಯಿತು.

"ಬೇರೇದು ಯಾಕೆ? ಅದು ಓಡತ್ತೆ."

"ಆದ್ರೆ ಸಾರ್, ಸಾಲಿನ ಕೊನೆಯಲ್ಲಿ ಏನಿದೆ ಅನ್ನೋದೇ ಮುಖ್ಯ. ಅದನ್ನ ನಾನೇ ಇನ್ನೂ ನೋಡಿಲ್ಲ..."

"ಅಯ್ಯೋ, ಬೇಡಪ್ಪಾ!" ಎಂದು ಹಾಲಿಗೆ ಹಾಲೇ ಕೂಗಿತು. ಇಂಡಿಕೇಟರ್ ಹಾಕದವನ ಮೇಲಿನ ಸಿಟ್ಟನ್ನು ಡ್ರೈವಿಂಗ್ ಸ್ಕೂಲಿನವರೂ ಬಿಟ್ಟುಬಿಟ್ಟಿದ್ದರು.

ಹೋಗಲಿ, ಎಲ್ಲರೂ ಹೊರಟ ಮೇಲೆ ಒಬ್ಬನೇ ಕುಳಿತು ಉಳಿದದ್ದನ್ನು ನೋಡೋಣವೆಂದು ಕಾರ್ಯದರ್ಶಿಗಳು ಮೇಜಿನತ್ತ ಕೈ ಚಾಚಿದರು. ಅಷ್ಟರಲ್ಲಿ ಅಧ್ಯಕ್ಷರು, ನೀಲಿ ಲಾರಿ ಬೆಳಗುತ್ತಿದ್ದ ಲ್ಯಾಪ್‌ಟಾಪನ್ನು ತುಂಬಿದ ಹಾಲಿನ ಪಾತ್ರೆಯಂತೆ ಎರಡೂ ಕೈಯಲ್ಲಿ ಎತ್ತಿಕೊಂಡಿದ್ದರು.

"ಇದು ನಮ್ಮ ಮನೇಲೇ ಇರ್ಲಿ ಕಾರ್ಯದರ್ಶಿಗಳೇ. ನಿಮ್ಮ ಕೈಗೆ ಕೊಟ್ರೆ ರಿಪೇರಿ ಮಾಡಿಬಿಡ್ತೀರಿ!"