ಕಸಕ್ಕೊಂದು ಕಡತ

ಬಡಾವಣೆಯ ಸಭೆ ಶುರುವಾಗಿ ಒಂದೂವರೆ ಗಂಟೆಯಾಗಿತ್ತು. ವಿಷಯ ಒಂದೇ: ಪಾರ್ಕು ಗಲೀಜಾಗಿದೆ, ಏನು ಮಾಡೋಣ? ಕಸದ ಬುಟ್ಟಿ ಇನ್ನಷ್ಟು ಇಡಬೇಕು ಎಂದು ಒಬ್ಬರು. ಬುಟ್ಟಿ ಇರುವುದರಿಂದಲೇ ಕಸ ಬರುತ್ತಿದೆ, ತೆಗೆಸಬೇಕು ಎಂದು ಇನ್ನೊಬ್ಬರು. ಪಾರ್ಕಿಗೆ ಬೀಗ ಹಾಕಿಬಿಟ್ಟರೆ ಚೊಕ್ಕಟವಾಗಿರುತ್ತದೆ ಎಂದು ಮೂರನೆಯವರು ಹೇಳಿದಾಗ ಅರ್ಧ ಸಭೆ ತಲೆಯಾಡಿಸಿತು. ಉಳಿದರ್ಧ ಆಗಲೇ ತೂಕಡಿಸುತ್ತಿತ್ತು. ಆಗ ಹಿಂದಿನ ಸಾಲಿನಿಂದ ಕಡತಪ್ಪನವರು ಮಂಡಿ ಹಿಡಿದುಕೊಂಡು ಎದ್ದು ನಿಂತರು.

“ಮೂರು ತಿಂಗಳು ಕೊಡಿ,” ಎಂದರು. “ಆಮೇಲೆ ಈ ಪಾರ್ಕಲ್ಲಿ ಒಂದು ಚೂರು ಕಾಗದ ಬಿದ್ದಿದ್ರೆ ನನ್ನನ್ನ ಕೇಳಿ.”

ಯಾರೂ ಏನೂ ಕೇಳಲಿಲ್ಲ. ಸಭೆ ಮುಗಿಯಿತಲ್ಲ ಎಂಬ ಸಂತೋಷದಲ್ಲಿ ಎಲ್ಲರೂ ಚಪ್ಪಲಿ ಹುಡುಕುತ್ತಿದ್ದರು.

ಕಡತಪ್ಪ ಎನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಒಂದು ದೊಡ್ಡ ಕಚೇರಿಯ ರೆಕಾರ್ಡ್ ರೂಮಿನಲ್ಲಿ, ಕಿಟಕಿಯಿಲ್ಲದ ಕೋಣೆಯಲ್ಲಿ, ಮೂವತ್ತನಾಲ್ಕು ವರ್ಷ ಕಡತಗಳ ಧೂಳು ಕುಡಿದು ಸಂಪಾದಿಸಿದ ಬಿರುದು. ಅವರು ಯಾವ ಕಾಗದವನ್ನೂ ಕಳೆದವರಲ್ಲ, ಯಾವುದನ್ನೂ ಎಸೆದವರೂ ಅಲ್ಲ. ನಿವೃತ್ತಿಯಾಗಿ ಒಂದೂವರೆ ವರ್ಷವಾಗಿತ್ತು. ಅಷ್ಟು ದಿನವೂ ಕೈ ಕಟ್ಟಿ ಕೂತು ಕೂತು ದುಡಿಯುತ್ತಿದ್ದ ದಿನಗಳಿಗಿಂತ ಹೆಚ್ಚು ದಣಿದಿದ್ದರು. ವಾರಸುದಾರನಿಲ್ಲದ ಕಾಗದ ಅಂತ ಈ ಲೋಕದಲ್ಲಿ ಇಲ್ಲ ಎನ್ನುವುದು ಅವರ ಸಿದ್ಧಾಂತ. ಕಚೇರಿಯಲ್ಲಿ ಅದು ನಿಜವಿದ್ದೀತು. ಪಾರ್ಕಿನಲ್ಲೂ ನಿಜವೇ ಎಂದು ಅವರು ನಂಬಿದ್ದರಿಂದ ಇಷ್ಟೆಲ್ಲ ಆಯಿತು.

ಮಾರನೆಯ ಬೆಳಿಗ್ಗೆ ಪಾರ್ಕಿನ ಮಾಲಿ ಎಂದಿನಂತೆ ಕಸ ಗುಡಿಸಿ ಬುಟ್ಟಿಗೆ ತುಂಬುತ್ತಿದ್ದ. ಕಡತಪ್ಪನವರು ಅವಸರವಸರವಾಗಿ ಹೋಗಿ ತಡೆದರು. ಹೀಗೆ ಎಲ್ಲವನ್ನೂ ಒಟ್ಟಿಗೆ ಸುರಿದರೆ ಯಾವುದು ಯಾರದೆಂದು ತಿಳಿಯುವುದು ಹೇಗೆ ಎಂದು ಕೇಳಿದರು. ತಿಳಿದು ಏನಾಗಬೇಕು ಎಂದು ಮಾಲಿ ಕೇಳಿದ. ಇಪ್ಪತ್ತು ವರ್ಷದಿಂದ ಅದೇ ಹುಲ್ಲಿನ ಮೇಲೆ ಅದೇ ಕಸ ಗುಡಿಸಿದವನ ಪ್ರಶ್ನೆ ಅದು. ಕಡತಪ್ಪನವರು ಅಲ್ಲಿಯೇ ಯೋಚಿಸಬೇಕಿತ್ತು. ಯೋಚಿಸಲಿಲ್ಲ.

“ಹೊಳೇಲಿ ಹುಣಸೆಹಣ್ಣು ತೊಳೆದ ಹಾಗೆ ಎಷ್ಟು ದಿನ ಗುಡಿಸ್ತೀಯಪ್ಪಾ? ಗುಡಿಸೋದು ನಿನ್ನ ಕೆಲಸ. ಮೂಲ ಹಿಡಿಯೋದು ನನ್ನ ಕೆಲಸ.”

ಮಾಲಿ ಪೊರಕೆಯನ್ನು ಒರಗಿಸಿ, ನೀರಿಲ್ಲದ ಕಾರಂಜಿಯ ಕಟ್ಟೆಯ ಮೇಲೆ ಕೂತುಕೊಂಡ. ಕೂರಲು ಒಂದು ನೆಪ ಸಿಕ್ಕಿದ್ದೇ ಅವನಿಗೆ ಸಾಕಾಗಿತ್ತು.

ಅಂದಿನಿಂದ ತನಿಖೆ ಶುರು. ಒಂದು ಕೈಯಲ್ಲಿ ಇಕ್ಕಳ, ಇನ್ನೊಂದರಲ್ಲಿ ನೋಟ್‌ಬುಕ್ಕು. ಬಿಸ್ಕತ್ತಿನ ಹೊದಿಕೆ, ಔಷಧಿ ಚೀಟಿ, ಹರಿದ ಲಕೋಟೆ, ಒಂಟಿ ಕಾಲುಚೀಲ, ಎಲ್ಲಕ್ಕೂ ಒಂದೊಂದು ನಮೂದು. “ಮಂಗಳವಾರ, ಏಳು ಇಪ್ಪತ್ತು, ಜಾರುಬಂಡೆಯ ಕೆಳಗೆ, ಚಾಕೊಲೇಟ್ ಕಾಗದ ಒಂದು, ನೇರಳೆ ಬಣ್ಣ, ಅಂಚಿನಲ್ಲಿ ಹಲ್ಲಿನ ಗುರುತು.” ವಿಳಾಸವೋ ಹೆಸರೋ ಸಿಕ್ಕಿ ಯಾರದೆಂದು ಗೊತ್ತಾದ ಕಸಕ್ಕೆ ಚೀಟಿ ಅಂಟಿಸಿ ಒಂದು ಗೋಣಿಚೀಲಕ್ಕೆ ಹಾಕುತ್ತಿದ್ದರು, ಆ ಚೀಲಕ್ಕೂ ಒಂದು ದೊಡ್ಡ ಚೀಟಿ. ಯಾರದೆಂದು ಗೊತ್ತಾಗದ ಅನಾಥ ಕಸಕ್ಕೆ ಬೇರೆ ಚೀಲ, ಅದಕ್ಕೆ ಚೀಟಿಯಿಲ್ಲ. ಚೀಟಿ ಇದ್ದದ್ದು ದಾಖಲೆ, ಇಲ್ಲದ್ದು ಕಸ. ರೆಕಾರ್ಡ್ ರೂಮಿನ ಮೊದಲ ಪಾಠವೇ ಅದು.

ಸಂಜೆ ಮನೆಮನೆಗೆ ಹೋಗಿ ಕಸವನ್ನು ವಾಪಸು ಕೊಡುವ ಕಾರ್ಯಕ್ರಮ. “ತಮ್ಮ ಸ್ವತ್ತು ಪಾರ್ಕಿನಲ್ಲಿ ದೊರೆತಿದೆ, ದಯವಿಟ್ಟು ಸಹಿ ಮಾಡಿ ಸ್ವೀಕರಿಸಿ” ಎಂದು ಅಂಗೈಯಗಲದ ಪತ್ರ. ಮೆಡಿಕಲ್ ಅಂಗಡಿಯವರು ಇದು ಗಾಳಿಯ ತಪ್ಪು, ಗಾಳಿಯ ಸಹಿ ತೆಗೆದುಕೊಳ್ಳಿ ಎಂದು ಬಾಗಿಲು ಹಾಕಿಕೊಂಡರು. ಮೂಲೆಮನೆಯ ಅಜ್ಜಿ ಸಹಿ ಮಾಡಿ, ಕಸ ತೆಗೆದುಕೊಂಡು, ಅವರೆದುರಿಗೇ ಕಿಟಕಿಯಿಂದ ಆಚೆಗೆ ಎಸೆದರು. ಖುಷಿಪಟ್ಟವನು ಟೈರ್ ಅಂಗಡಿಯವನೊಬ್ಬನೇ. ಅವನಿಗೆ ಸಿಕ್ಕಿದ್ದು ಮಿಕ್ಸಿಯ ಗ್ಯಾರಂಟಿ ಕಾರ್ಡು. ಒಂದು ವಾರದಿಂದ ಅದಕ್ಕಾಗಿ ಮನೆಯಲ್ಲಿ ಯುದ್ಧ ನಡೆದಿತ್ತಂತೆ. ಅವನು ಕಡತಪ್ಪನವರ ಕೈ ಹಿಡಿದುಕೊಂಡು, ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ಬಂದ.

ಅಲ್ಲಿಗೆ ಮುಗಿಯಿತು. ಊರಿನಲ್ಲಿ ಏನು ಕಳೆದರೂ ಜನ ನೇರವಾಗಿ ಕಡತಪ್ಪನವರ ಮನೆಗೆ ಬರತೊಡಗಿದರು. ಛತ್ರಿಯ ಹಿಡಿ, ಮಗಳ ಕೂದಲಿನ ಕ್ಲಿಪ್ಪು, ಕನ್ನಡಕದ ಒಂದು ಗಾಜು. ಪಾರ್ಕಿನಲ್ಲಿ ಬಿದ್ದದ್ದೆಲ್ಲ ಜೋಪಾನವಾಗಿ ಮನೆಗೆ ಬರುತ್ತದೆ ಎಂದ ಮೇಲೆ ಬೀಳಿಸಲು ಹೆದರಿಕೆ ಏಕೆ? ಕಸ ಮೊದಲಿಗಿಂತ ಎರಡು ಪಟ್ಟಾಯಿತು. ಕಡತಪ್ಪನವರ ಸೊಂಟ ಬಗ್ಗಿದರೆ ಏಳುತ್ತಿರಲಿಲ್ಲ, ಎದ್ದರೆ ಬಗ್ಗುತ್ತಿರಲಿಲ್ಲ. ಸಾಕಪ್ಪಾ ಸಾಕು ಎಂದು ಒಳಗೊಳಗೇ ಅನ್ನಿಸಿತ್ತು. ಆದರೆ ಸಭೆಯಲ್ಲಿ ಆಡಿದ ಮಾತು! ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

ಇನ್ನು ಮನೆ. ಅವರ ಹೆಂಡತಿ ಮುಂದಿನ ಕೋಣೆಯಲ್ಲಿ ಹೊಲಿಗೆ ಮಾಡುತ್ತಿದ್ದರು. ಒಂದು ಯಂತ್ರ, ಒಂದು ಮೇಜು, ಒಂದು ಸ್ಟೂಲು. ಆ ಕೋಣೆಗೇ ಕಡತಪ್ಪನವರ ಚೀಲಗಳು ಬಂದು ಕೂತವು, ಮೊದಲು ಒಂದು, ಆಮೇಲೆ ಎರಡು, ಆಮೇಲೆ ಐದು. ಅವುಗಳ ಹಿಂದೆ ಇರುವೆಗಳು ಸಾಲುಗಟ್ಟಿ ಬಂದವು. ಇರುವೆಗಳ ಹಿಂದೆ ಬರಬೇಕಾಗಿದ್ದ ಹೊಲಿಗೆ ಗಿರಾಕಿಗಳು ಮಾತ್ರ ಬಾಗಿಲಲ್ಲೇ ಮೂಗು ಮುಚ್ಚಿಕೊಂಡು ನಿಂತು, ಇನ್ನೊಮ್ಮೆ ಬರುತ್ತೇವೆ ಎಂದು ಹೊರಟುಹೋಗುತ್ತಿದ್ದರು.

ಅದರ ನಡುವೆಯೇ ಆಕೆಗೆ ಒಂದು ಒಳ್ಳೆಯ ಕೆಲಸ ಸಿಕ್ಕಿತ್ತು. ಹತ್ತಿರದ ಶಾಲೆಯ ಆಟದ ತಂಡಗಳಿಗೆ ಅಂಗಿ. ಇದು ಚೆನ್ನಾಗಿ, ಹೇಳಿದ ಹೊತ್ತಿಗೆ ಬಂದರೆ ಇಡೀ ಶಾಲೆಯ ಸಮವಸ್ತ್ರ ನಿಮಗೇ ಎಂದು ಹೆಡ್ ಮೇಡಂ ಮಾತು ಕೊಟ್ಟಿದ್ದರು. ನೋಯುವ ಬಲಭುಜಕ್ಕೆ ಮುಲಾಮು ಹಚ್ಚಿಕೊಂಡು, ಆಕೆ ಒಂದು ತಿಂಗಳು ತುಳಿದ ಯಂತ್ರದ ಸದ್ದು ಆ ಬೀದಿಗೆಲ್ಲ ಕೇಳಿತ್ತು. ಕಡತಪ್ಪನವರಿಗೂ ಕೇಳಿರಬೇಕು.

ಕೊಡುವ ಹಿಂದಿನ ದಿನ ಆಕೆ ಅಂಗಿಗಳನ್ನೆಲ್ಲ ಮಡಿಸಿ, ಮನೆಯಲ್ಲಿದ್ದ ಒಂದು ಶುಭ್ರವಾದ ಗೋಣಿಚೀಲಕ್ಕೆ ತುಂಬಿ, ಬಾಯಿ ಕಟ್ಟಿ ಇಟ್ಟರು. ಆಮೇಲೆ ಗಂಡನ ಕಡೆ ತಿರುಗಿದರು. ಜಗಳವಾಡುವಷ್ಟು ಶಕ್ತಿ ಉಳಿದಿರಲಿಲ್ಲ.

“ರೀ, ಮನೆಗೆ ಮಾರಿ ಊರಿಗೆ ಉಪಕಾರಿ ಅಂತ ಕೇಳಿದ್ದೆ. ನೀವು ಊರಿಗೂ ಏನೂ ಉಪಕಾರ ಮಾಡಿದ ಹಾಗೆ ಕಾಣ್ಸಲ್ಲ. ನಾಳೆ ಬೆಳಿಗ್ಗೆ ಕಸದ ಗಾಡಿ ಬಂದಾಗ ನಿಮ್ಮ ಚೀಲಗಳೆಲ್ಲ ಹೋಗ್ಲಿ. ನನಗೆ ಸಾಕಾಗಿದೆ.”

ಕಡತಪ್ಪನವರು ಒಂದು ಒಪ್ಪಂದಕ್ಕೆ ಬಂದರು. ಚೀಟಿಯಿದ್ದ, ಯಾರೂ ವಾಪಸು ಪಡೆಯದ ಕಸದ ಚೀಲಗಳು ಸಭೆಗೆ ತೋರಿಸಬೇಕಾದ ಸಾಕ್ಷ್ಯ; ಅವು ಹಿತ್ತಲಿಗೆ ಹೋಗುತ್ತವೆ. ಚೀಟಿಯಿಲ್ಲದ ಅನಾಥ ಕಸವೆಲ್ಲ ಗಾಡಿಗೆ. ಆಕೆ ಹೂಂ ಎಂದರು. ಹೂಂ ಎನ್ನುವಾಗಲೇ ಕಣ್ಣು ಮುಚ್ಚಿಹೋಗಿತ್ತು.

ಬೆಳಿಗ್ಗೆ ಆರೂವರೆಗೆ ಕಸದ ಗಾಡಿ ಗಂಟೆ ಬಾರಿಸಿಕೊಂಡು ಬಂತು. ಆಕೆ ಸ್ನಾನಕ್ಕೆ ಹೋಗಿದ್ದರು. ಕಡತಪ್ಪನವರು ಅರ್ಧ ನಿದ್ದೆಯಲ್ಲಿ ಎದ್ದು ಕೋಣೆಗೆ ಹೋಗಿ, ನಿಯಮದ ಪ್ರಕಾರ ಒಂದೊಂದೇ ಚೀಲ ನೋಡಿದರು. ಚೀಟಿ ಇದೆ, ಹಿತ್ತಲಲ್ಲಿರಲಿ. ಚೀಟಿ ಇಲ್ಲ, ಹೋಗಲಿ. ಹೀಗೆ ನಾಲ್ಕು ಚೀಲ ಹೊರಗೆ ಹೋದವು. ನಾಲ್ಕನೆಯದು ಮೆತ್ತಗಿತ್ತು, ವಾಸನೆಯೂ ಇರಲಿಲ್ಲ. ಒಣಗಿದ ಎಲೆ ಇರಬೇಕು ಎಂದುಕೊಂಡು ಅದನ್ನು ತಾವೇ ಎತ್ತಿ ಗಾಡಿಯವನ ಕೈಗೆ ಕೊಟ್ಟರು. ಬಹಳ ದಿನದ ಮೇಲೆ ಮನಸ್ಸು ಹಗುರವಾಗಿ, ಮತ್ತೆ ಮಲಗಿ ನಿದ್ದೆ ಹೋದರು.

ಎಬ್ಬಿಸಿದ್ದು ಹೆಂಡತಿ. ಆಗ ಎಂಟೂವರೆ.

“ರೀ, ಇಲ್ಲಿದ್ದ ಚೀಲ?”

ಕಡತಪ್ಪನವರು ಎದ್ದು ಕೋಣೆ ನೋಡಿದರು, ಖಾಲಿ ನೆಲ ನೋಡಿದರು, ಹೆಂಡತಿಯ ಮುಖ ನೋಡಿದರು. ಎಲ್ಲವೂ ಅರ್ಥವಾಯಿತು. ಬಾಯಿಂದ ಮಾತ್ರ ಬಂದದ್ದು ಮೂವತ್ತನಾಲ್ಕು ವರ್ಷದ ಅಭ್ಯಾಸ.

“ಅದಕ್ಕೆ ಚೀಟಿ ಇರ್ಲಿಲ್ಲ ಕಣೇ.”

ಆಕೆ ಹೋಗಿ ಯಂತ್ರದ ಮುಂದಿನ ಸ್ಟೂಲಿನ ಮೇಲೆ ಕೂತರು. ನಲವತ್ತೆರಡು ಅಂಗಿ, ಹತ್ತು ಗಂಟೆಗೆ ಮೇಡಂ ಕಾಯುತ್ತಿರುತ್ತಾರೆ, ಎಂದಷ್ಟೇ ಹೇಳಿ ಬಲಭುಜ ಒತ್ತಿಕೊಂಡರು. ಕೈಯಲ್ಲಿ ಬಟ್ಟೆಯಿಲ್ಲದೆ ಆಕೆ ಆ ಸ್ಟೂಲಿನ ಮೇಲೆ ಕೂತದ್ದನ್ನು ಕಡತಪ್ಪನವರು ಯಾವತ್ತೂ ನೋಡಿರಲಿಲ್ಲ. ಕಾಲಿಗೆ ಸಿಕ್ಕಿದ ಚಪ್ಪಲಿ ಮೆಟ್ಟಿ ಬೀದಿಗೆ ಓಡಿದರು.

ಟೈರ್ ಅಂಗಡಿಯವನು ಆಗ ತಾನೇ ಬಾಗಿಲು ತೆಗೆಯುತ್ತಿದ್ದ. ಕಡತಪ್ಪನವರ ಮುಖ ನೋಡಿ, ಏನು ಎತ್ತ ಎಂದು ಕೇಳದೆ ಬಾಗಿಲು ಎಳೆದು ಸ್ಕೂಟರು ಹತ್ತಿದ. ಕಸದ ಗಾಡಿ ಹೋದ ಕಡೆಗೆ ಎಂದು ಕಡತಪ್ಪನವರು ಹಿಂದೆ ಕೂತರು. ದಾರಿಯುದ್ದಕ್ಕೂ ಅವನು ಗ್ಯಾರಂಟಿ ಕಾರ್ಡಿನ ಉಪಕಾರವನ್ನು ನೆನೆಯುತ್ತ ಹೋದ. ಇವರಿಗೆ ಒಂದಕ್ಷರವೂ ಕಿವಿಗೆ ಬೀಳಲಿಲ್ಲ.

ಊರಿನ ಕಸವೆಲ್ಲ ಹೋಗಿ ಬೀಳುವ ಅಂಗಳ ಊರಾಚೆ ಇತ್ತು. ತಗಡಿನ ಚಾವಣಿ, ಅದರ ಕೆಳಗೆ ಉದ್ದನೆಯ ಕಲ್ಲಿನ ಮೇಜು, ಮೇಜಿನ ಎರಡೂ ಕಡೆ ನಿಂತು ಕಸ ಬೇರ್ಪಡಿಸುವ ಹತ್ತು ಹನ್ನೆರಡು ಹೆಂಗಸರು. ಗಾಜು ಒಂದು ಕಡೆ, ಪ್ಲಾಸ್ಟಿಕ್ಕು ಒಂದು ಕಡೆ, ಕಾಗದ ಒಂದು ಕಡೆ. ಕೈಗಳು ನಿಲ್ಲುತ್ತಿರಲಿಲ್ಲ. ಅವರಿಗೆಲ್ಲ ಹಿರಿಯಳಾದ ಮೇಸ್ತ್ರಿ ಹೆಂಗಸು ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ಕೂತಿದ್ದಳು. ಅವಳ ಬೆನ್ನ ಹಿಂದೆ, ಗೋಡೆಗೆ ಒರಗಿ, ಬಾಯಿ ಕಟ್ಟಿದ ಒಂದು ಶುಭ್ರವಾದ ಗೋಣಿಚೀಲ.

ಕಡತಪ್ಪನವರು ಅದನ್ನು ನೋಡಿದ್ದೇ ಕೈ ಚಾಚಿದರು. ಆಕೆ ಕಾಲು ಅಡ್ಡ ಇಟ್ಟಳು.

ಹಾಗೆಲ್ಲ ಕೊಡುವುದಕ್ಕೆ ಬರುವುದಿಲ್ಲ ಎಂದು ನಿಧಾನವಾಗಿ ಹೇಳಿದಳು. ಒಳ್ಳೆಯ ಸಾಮಾನು ಬಂದರೆ ಬಿಚ್ಚಿ ನೋಡಿ ಎತ್ತಿಡುತ್ತೇವೆ, ಆದರೆ ಕೇಳಿಕೊಂಡು ದಿನಾ ಯಾರಾದರೂ ಬರುತ್ತಾರೆ. ಮೊನ್ನೆ ಒಂದು ಕುಕ್ಕರಿಗೆ ಇಬ್ಬರು ಬಂದಿದ್ದರು, ಇಬ್ಬರೂ ಆಣೆ ಮಾಡಿದರು. ಆದ್ದರಿಂದ ಗುರುತು ಹೇಳಬೇಕು. ಚೀಲಕ್ಕೆ ಹೆಸರಿನ ಚೀಟಿಯೇನಾದರೂ ಇದೆಯೇ?

“ಚೀಟಿ ಇಲ್ಲಮ್ಮ,” ಎಂದರು ಕಡತಪ್ಪನವರು. ಜೀವನದಲ್ಲಿ ಇಷ್ಟು ಕಷ್ಟದ ವಾಕ್ಯ ಅವರು ಆಡಿರಲಿಲ್ಲ.

ಒಳಗೆ ಏನಿದೆ ಎಂದಳು. ಅಂಗಿ ಎಂದರು. ಎಷ್ಟು ಎಂದಳು. ನಲವತ್ತೆರಡು ಎಂದರು, ಅದು ಬೆಳಿಗ್ಗೆಯಷ್ಟೇ ಕಿವಿಗೆ ಬಿದ್ದಿತ್ತು.

“ಯಾವ ಬಣ್ಣ?”

ಕಡತಪ್ಪನವರು ಚೀಲದ ಕಡೆಗೊಮ್ಮೆ ನೋಡಿದರು. ಒಂದು ತಿಂಗಳು ತಮ್ಮ ಕಣ್ಣೆದುರಿಗೇ ಕತ್ತರಿಸಿ, ಹೊಲಿದು, ಗುಂಡಿ ಹಾಕಿ, ಇಸ್ತ್ರಿ ಮಾಡಿದ ಬಟ್ಟೆ. ಊಟದ ತಟ್ಟೆ ಇಡಲು ಅದನ್ನು ಎಷ್ಟು ಸಲ ಪಕ್ಕಕ್ಕೆ ಸರಿಸಿದ್ದರೋ. ಬಿಳಿ ಎಂದರು. ಆಕೆ ತಲೆ ಅಲ್ಲಾಡಿಸಿದಳು. ನೀಲಿ ಇರಬಹುದು ಎಂದರು. ಇರಬಹುದು ಅನ್ನುವುದು ಗುರುತಲ್ಲ ಎಂದಳು ಆಕೆ.

ಕಡತಪ್ಪನವರು ಕಂಗಾಲಾಗಿ ಜೇಬಿನಿಂದ ನೋಟ್‌ಬುಕ್ಕು ತೆಗೆದರು. ಬೇರೆ ಏನಾದರೂ ಕೇಳು ತಾಯಿ, ಇದರೊಂದಿಗೆ ಬಂದ ಉಳಿದ ಮೂರು ಚೀಲದಲ್ಲಿ ಏನೇನಿದೆ ಅಂತ ತಾರೀಕು ಸಮೇತ ಹೇಳುತ್ತೇನೆ ಎಂದು ಓದತೊಡಗಿದರು. ಮಂಗಳವಾರ ಏಳು ಇಪ್ಪತ್ತು, ಜಾರುಬಂಡೆಯ ಕೆಳಗೆ, ನೇರಳೆ ಬಣ್ಣ. ಗುರುವಾರ ಆರು ಐವತ್ತು, ಮೂರನೇ ಬೆಂಚು, ಕೆಂಪು ಬಣ್ಣ. ಮೇಜಿನ ಸುತ್ತ ನಿಂತಿದ್ದ ಹೆಂಗಸರ ಕೈಗಳು ಮೊದಲ ಸಲ ನಿಂತವು. ಒಬ್ಬಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಮೇಸ್ತ್ರಿ ಹೆಂಗಸು ಪೂರ್ತಿ ಎರಡು ಪುಟ ತಾಳ್ಮೆಯಿಂದ ಕೇಳಿದಳು. ಯಾಕೆ ಇದನ್ನೆಲ್ಲ ಬರೆದಿದ್ದು ಎಂದು ವಿಚಾರಿಸಿದಳು. ಯಾರ ಕಸ ಎಂದು ಪತ್ತೆ ಹಚ್ಚಲು ಎಂದರು.

“ಅಯ್ಯೋ ಯಜಮಾನ್ರೇ,” ಎಂದಳು, ನಗುವಷ್ಟೂ ಹುಮ್ಮಸ್ಸಿಲ್ಲದ ದನಿಯಲ್ಲಿ. “ಯಾರದು ಅಂತ ನಾವು ಕೇಳ್ತಾ ಕೂತಿದ್ರೆ ಈ ಊರು ಯಾವತ್ತೋ ಮುಚ್ಚಿಹೋಗಿರೋದು. ಕಣ್ಣಿಗೆ ಬಿದ್ದಿದ್ದನ್ನ ಎತ್ತಿ ಬುಟ್ಟಿಗೆ ಹಾಕೋದಪ್ಪ. ಮನೇಗೊಂದು ಫೋನ್ ಮಾಡಿ, ಬಣ್ಣ ಕೇಳಿ.”

ಒಂಬತ್ತು ಇಪ್ಪತ್ತಾಗಿತ್ತು. ಬೇರೆ ದಾರಿಯಿರಲಿಲ್ಲ. ಕಡತಪ್ಪನವರು ಫೋನ್ ಹಚ್ಚಿದರು. ಕಿವಿ ಸ್ವಲ್ಪ ಮಂದವಾದ್ದರಿಂದ ಅವರ ಫೋನು ಯಾವಾಗಲೂ ಊರಿಗೆಲ್ಲ ಕೇಳುವ ಹಾಗೆ ಇರುತ್ತಿತ್ತು. ಚೀಲ ಸಿಕ್ಕಿದೆ, ಕೊಡುತ್ತಾರೆ, ಒಂದೇ ಒಂದು ವಿಷಯ ಬೇಕು ಎಂದು ಪೀಠಿಕೆ ಹಾಕಿ, ದನಿ ತಗ್ಗಿಸಿ ಕೇಳಿದರು.

“ಅಂಗೀದು ಬಣ್ಣ ಯಾವುದೇ?”

ಮೇಜಿನ ಸುತ್ತಲಿನ ಹೆಂಗಸರೆಲ್ಲ ಫೋನಿನ ಕಡೆಗೆ ಬಾಗಿದರು. ಫೋನಿನಿಂದ ಹೆಂಡತಿಯ ದಣಿದ ದನಿ ಬಂತು.

“ಮೈ ಮೇಲಿರೋ ಅಂಗಿ ನೋಡ್ಕೊಳ್ರೀ. ಮಿಕ್ಕಿದ್ ಬಟ್ಟೇಲಿ ನಿಮಗೂ ಒಂದು ಹೊಲ್ದಿದ್ದೆ. ಮೂರು ದಿನದಿಂದ ಅದನ್ನೇ ಹಾಕ್ಕೊಂಡು ಓಡಾಡ್ತಿದ್ದೀರಿ.”

ಕಡತಪ್ಪನವರು ತಲೆ ಬಗ್ಗಿಸಿದರು. ಎಳೆಹಸಿರು. ಕಾಲರಿಗೆ ಹಳದಿ ಪಟ್ಟಿ. ಎದೆಯ ಮೇಲೆ ಹಳದಿ ದಾರದಲ್ಲಿ ಹೊಲಿದ ಪುಟ್ಟ ಜೇಬು, ನೋಟ್‌ಬುಕ್ಕು ಇಡಲು ಸರಿಯಾಗಿ ಅಳತೆ ತೆಗೆದು ಮಾಡಿದ್ದು.

ಮೇಸ್ತ್ರಿ ಹೆಂಗಸು ಅಡ್ಡ ಇಟ್ಟಿದ್ದ ಕಾಲನ್ನು ತೆಗೆದಳು. ಚೀಲವನ್ನು ಅವರ ಕಡೆಗೆ ನೂಕಿದಳು.

“ನೀವು ಗೇಟಲ್ಲಿ ಬರ್ತಿದ್ದಾಗ್ಲೇ ನೋಡ್ದೆ,” ಎಂದಳು. “ಗುರುತು ಮೈ ಮೇಲೇ ಹಾಕ್ಕೊಂಡು ಬಂದಿದ್ದಾರೆ, ಬಾಯಲ್ಲಿ ಯಾವಾಗ ಬರತ್ತೋ ಅಂತ ಕಾಯ್ತಾ ಕೂತಿದ್ದೆ.”