ಮಾವನವರ ಮನೆಗಾಡಿ ಮಾರಾಟಕ್ಕಿದೆ

ಕುಂಡಯಿಯ ಕಾರ್ಖಾನೆಯೊಂದಕ್ಕೆ ಇಪ್ಪತ್ತೆರಡು ವರ್ಷಗಳಿಂದ ನಟ್ಟು, ಬೋಲ್ಟು, ಬೇರಿಂಗು, ಗ್ರೀಸು ಖರೀದಿಸುತ್ತ ಬಂದವನು ನಾನು. ಜೀವಮಾನವಿಡೀ ಕೊಂಡವನಿಗೆ ಒಂದೇ ಒಂದು ಗಾಡಿ ಮಾರುವುದು ಯಾವ ಮಹಾ ಕೆಲಸ? ಅದಕ್ಕೇ 2008ರ ದಸರೆ ಮುಗಿದ ವಾರ, ಮಡಗಾಂವದ ನಮ್ಮ ಮನೆಯಲ್ಲಿ ಎಲೆಯ ಮುಂದೆ ಕೂತು ಘೋಷಿಸಿಯೇ ಬಿಟ್ಟೆ: ಬರುವ ರವಿವಾರ ಸೂರ್ಯ ಮುಳುಗುವುದರೊಳಗೆ ಮಾವನವರ ಗಾಡಿಯನ್ನು ಈ ದಿನಕರ ಮಾರದಿದ್ದರೆ ಕೇಳಿ!

ಹೆಂಡತಿ ಸುಹಾಸಿನಿ ಸಾರು ಬಡಿಸುತ್ತ, "ಮಾರ್ರಿ" ಎಂದಳು. ಅಷ್ಟೇ. ಮಾವ ಆನಂದತೀರ್ಥರು ಮಜ್ಜಿಗೆ ಅನ್ನ ಮುಗಿಸಿ ಎದ್ದರು. ಗಾಡಿ ಕೊಟ್ಟುಬಿಡೋಣ, ನೀವೇ ನೋಡಿಕೊಳ್ಳಿ ಎಂದು ಹಿಂದಿನ ದಿನ ನನಗೆ ಹೇಳಿದವರು ಅವರೇ.

ಗಾಡಿ ಎಂದರೆ ಅಂತಿಂಥ ಗಾಡಿಯಲ್ಲ. ಒಳಗೆ ಮಂಚ, ನೀರಿನ ಟಾಕಿ, ಒಲೆ, ಕಪಾಟು ಎಲ್ಲ ಇರುವ, ಗಾಲಿಯ ಮೇಲಿನ ಮನೆ. ಎಪ್ಪತ್ತರ ದಶಕದಲ್ಲಿ ಯಾವನೋ ಪರದೇಶದವನು ಅದರಲ್ಲೇ ದೇಶದೇಶ ದಾಟಿ ಕೊಲ್ವಾದ ಸಮುದ್ರದಂಡೆಗೆ ಬಂದಿದ್ದನಂತೆ. ತಿರುಗಿ ಹೋಗುವಾಗ ಅವನು ವಿಮಾನ ಹತ್ತಿದ, ಗಾಡಿ ಇಲ್ಲೇ ಉಳಿಯಿತು. ಆಗ ಮಡಗಾಂವದ ಬ್ಯಾಂಕಿನಲ್ಲಿದ್ದ ನಮ್ಮ ಮಾವನವರು ಅದನ್ನು ಕೊಂಡರು. ಧಾರವಾಡದ ಮಡಿವಂತ ಮನೆತನ, ಹೋಟೆಲಿನ ನೀರನ್ನೂ ಮುಟ್ಟದವರು. ಆದರೆ ಊರೂರು ತಿರುಗುವ ಹುಚ್ಚು ಮಾತ್ರ ವಿಪರೀತ. ಎರಡಕ್ಕೂ ಇದೊಂದೇ ಪರಿಹಾರ ಎಂದು ಗಾಡಿಗೆ ಗೋಮೂತ್ರ ಚಿಮುಕಿಸಿ, ಪರದೇಶದವನ ಒಲೆಯ ಮೇಲೆ ಹಾಲುಕ್ಕಿಸಿ, ಅತ್ತೆಯವರ ಮಡಿ ಅಡಿಗೆಮನೆಯನ್ನು ಅದರೊಳಗೆ ಹೂಡಿದರು. ಪಂಢರಪುರವಿರಲಿ, ಮಂತ್ರಾಲಯವಿರಲಿ, ಗಾಡಿ ನಿಂತಲ್ಲಿ ಅತ್ತೆಯವರ ಬಿಸಿ ತೊವ್ವೆ, ಅನ್ನ.

1994ರಲ್ಲಿ ಅತ್ತೆಯವರು ತೀರಿಕೊಂಡರು. ಮಾವನವರು ಸಾಂಗೆಯಲ್ಲಿದ್ದ ಗೆಳೆಯರೊಬ್ಬರ ಶೆಡ್ಡಿನಲ್ಲಿ ಗಾಡಿಯನ್ನು ಇಟ್ಟಿಗೆಗಳ ಮೇಲೆ ನಿಲ್ಲಿಸಿ, ತಾಡಪತ್ರಿ ಹೊದಿಸಿ, ಬೀಗ ಜಡಿದು ಬಂದರು. ನಾನು ಈ ಮನೆಯ ಅಳಿಯನಾದದ್ದು ಅದರ ಮರುವರ್ಷ. ಹದಿನಾಲ್ಕು ವರ್ಷ ಆ ಬೀಗವನ್ನು ಯಾರೂ ತೆಗೆದಿರಲಿಲ್ಲ.

ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟ ಎರಡನೇ ದಿನಕ್ಕೇ ಗಿರಾಕಿ ಸಿಕ್ಕ. ಅಮೇಯ ಅಂತ, ಕಾರವಾರದ ಹುಡುಗ, ಪಣಜಿಯಲ್ಲಿ ನೌಕರಿ. ಹೊಸದಾಗಿ ಮದುವೆಯಾದ ಹೆಂಡತಿಯನ್ನು ಕರೆದುಕೊಂಡು ಊರೂರು ತಿರುಗಬೇಕಂತೆ. ರವಿವಾರ ಬಾ ಎಂದು ಹೇಳಿ, ಶನಿವಾರವೇ ನಾನು ಶೆಡ್ಡಿಗೆ ದಂಡೆತ್ತಿ ಹೋದೆ. ಮೇಸ್ತ್ರಿ ಹುಸೇನಸಾಬ ಹೊಸ ಗಾಲಿ, ಬ್ಯಾಟರಿ ಹಾಕಿ ಸಂಜೆಯೊಳಗೆ ಇಂಜಿನ್ನಿಗೆ ಜೀವ ಬರಿಸಿದ. ಒಳಗಿನ ಸ್ವಚ್ಛತೆಗೆ ಮಡಗಾಂವದ ಮೋತಿ ಡೊಂಗರ ಗುಡ್ಡದ ಓಣಿಯಿಂದ ಸಾವಂತ್ರೆವ್ವನನ್ನು ಕರೆದೊಯ್ದಿದ್ದೆ. ವಿಜಯಪುರದ ಕಡೆಯವಳು, ಕೆಲಸದಲ್ಲಿ ಗಟ್ಟಿಗಿತ್ತಿ.

ಧೂಳಿಗೆ ಹೆದರಿ ಮೂಗಿಗೆ ಕರವಸ್ತ್ರ ಬಿಗಿದುಕೊಂಡು ನಾನು ಸೇನಾಪತಿಯ ಹಾಗೆ ಅಪ್ಪಣೆ ಕೊಡುತ್ತಿದ್ದೆ. ಇಲಿಗೂಡು ಹೋಯಿತು. ಪರದೆ ಹೋಯಿತು. ಗಾಡಿಯ ಜಾರುಬಾಗಿಲು ಮಾತ್ರ ಅರ್ಧಕ್ಕೇ ನಿಂತು ಹಟ ಹಿಡಿದಿತ್ತು. ಅಷ್ಟರಲ್ಲಿ ಒಲೆಯ ಮೇಲಿನ ಕಪಾಟಿನಲ್ಲಿ, ಬಾಯಿಗೆ ಅರಿವೆ ಕಟ್ಟಿದ ಬರಣಿಯೊಂದು ಕಾಣಿಸಿತು. ಬಿಚ್ಚಿ ನೋಡಿದರೆ ಒಳಗೆ ಕಪ್ಪಗೆ, ಜಿಗುಟಾಗಿ ಏನೋ ಇತ್ತು. ಇಪ್ಪತ್ತೆರಡು ವರ್ಷದ ಅನುಭವ ತಕ್ಷಣ ನುಡಿಯಿತು: ಗ್ರೀಸು! ಹೊತ್ತಿಗೆ ಸರಿಯಾಗಿ ಒದಗಿತಲ್ಲ ಎಂದು ನಾಲ್ಕು ಬೆರಳು ತುಂಬ ತೆಗೆದು ಬಾಗಿಲಿನ ಹಳಿಗೆ ಬಳಿದೆ. ಬಾಗಿಲು ಜರುಗಲಿಲ್ಲ. ಮಾಲು ಕೆಟ್ಟಿದೆ ಎಂದು ತೀರ್ಮಾನಿಸಿ, ಬರಣಿಯನ್ನು ಸಾವಂತ್ರೆವ್ವನ ಕೈಗೆ ಕೊಟ್ಟು ಕಸಕ್ಕೆ ಒಗೆ ಎಂದೆ.

ಅವಳು ಬರಣಿಯನ್ನು ಮೂಗಿನ ಹತ್ತಿರ ಹಿಡಿದು, "ಸಾಹೇಬ್ರ, ಇದು ಒಗಿಯೂವಂಥಾದ್ದಲ್ರಿ" ಎಂದಳು.

"ಹದಿನಾಕು ವರ್ಷದ ಮಾಲು, ಸಾವಂತ್ರೆವ್ವ. ಅವಧಿ ಮುಗದದ. ಒಗಿ."

ಅವಳು ಒಮ್ಮೆ ಬರಣಿಯನ್ನು ನೋಡಿದಳು, ಒಮ್ಮೆ ನನ್ನನ್ನು ನೋಡಿದಳು. ಅದನ್ನು ತನ್ನ ಚೀಲಕ್ಕೆ ಇಳಿಸಿದಳು. ಬರಣಿಯ ಮೇಲೆ ಆಸೆ ಇರಬೇಕು, ಬಡವಿ, ಒಯ್ಯಲಿ ಎಂದು ನಾನು ಉದಾರನಾದೆ.

ರವಿವಾರ ಬೆಳಿಗ್ಗೆ ಶೆಡ್ಡಿನ ಮುಂದೆ ಎಲ್ಲರೂ ಸೇರಿದೆವು. ಅಮೇಯ, ಅವನ ಹೆಂಡತಿ ಪ್ರಾಚಿ, ನಾನು, ಹುಸೇನಸಾಬ. ಬರುವುದಿಲ್ಲ ಎಂದಿದ್ದ ಸುಹಾಸಿನಿಯೂ ಕೊನೆಯ ಗಳಿಗೆಯಲ್ಲಿ ಅಪ್ಪನ ಕೈ ಹಿಡಿದು ಬಂದಿದ್ದಳು. ಗಾಡಿಯ ಗುಣಗಾನ ಶುರುಮಾಡಿ ನಾನು ಬಾಗಿಲನ್ನು ಎಳೆದೆ. ಕರಕರ ಸದ್ದು ಮಾಡಿ ಅರ್ಧಕ್ಕೆ ಸರಿದು ನಿಂತಿತು. ಹುಸೇನಸಾಬ ಬಗ್ಗಿ ಹಳಿಯ ಮೇಲೆ ಬೆರಳಾಡಿಸಿದ, ಬೆರಳನ್ನು ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿದ.

"ಸಾಹೇಬ್ರ, ಈ ಗ್ರೀಸಿನ್ಯಾಗ ನಿಂಬಿ ಬೀಜ ಅದಾವ್ರಿ."

ಮಾವನವರು ಕೋಲೂರಿಕೊಂಡು ಮುಂದೆ ಬಂದರು. ಹಳಿಯನ್ನು ಮೂಸಿದರು. ಸಂದಿಯಲ್ಲೇ ತೂರಿ ಒಳಗೆ ಹೋಗಿ ಕಪಾಟು ತೆರೆದರು. ಎಪ್ಪತ್ತೆಂಟು ವರ್ಷದ ಆ ಮನುಷ್ಯ ಖಾಲಿ ಕಪಾಟಿನ ಮೂಲೆಮೂಲೆಗೂ ಕೈಯಾಡಿಸಿದರು. ಹೊರಗೆ ಬಂದವರು ನನ್ನ ಕಡೆ ನೋಡದೆ ಅಮೇಯನಿಗೆ ಹೇಳಿದರು: "ತಮ್ಮಾ, ಬರಣಿ ಬರೂತನಕಾ ಗಾಡಿ ಕದಲೂದಿಲ್ಲ."

ಸುಹಾಸಿನಿ ನನ್ನನ್ನು ಶೆಡ್ಡಿನ ಹಿಂದಕ್ಕೆ ಕರೆದೊಯ್ದು ವಿವರಿಸಿದಳು. ಅದು ಅತ್ತೆಯವರು ಕೊನೆಯ ಸಲ ಹಾಕಿದ ಉಪ್ಪಿನ ನಿಂಬೆಕಾಯಿ. ಎಣ್ಣೆಯಿಲ್ಲ, ಖಾರವಿಲ್ಲ, ಬರೀ ಉಪ್ಪು. ವರ್ಷ ಕಳೆದಂತೆ ಕಪ್ಪಾಗುತ್ತದೆ, ಕಪ್ಪಾದಷ್ಟೂ ಔಷಧಿ. ಘಾಟಿನ ತಿರುವಿನಲ್ಲಿ ಇವಳಿಗೆ ವಾಂತಿ ಬಂದಾಗ ಅತ್ತೆಯವರು ಅದರದೊಂದು ಚೂರು ಬಾಯಿಗೆ ಇಡುತ್ತಿದ್ದರಂತೆ. ಹೇಳುತ್ತ ಹೇಳುತ್ತ ಅವಳ ಕಣ್ಣು ತುಂಬಿತು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಸ್ಕೂಟರನ್ನು ಮಡಗಾಂವಕ್ಕೆ ಓಡಿಸಿದೆ. ಮೋತಿ ಡೊಂಗರದ ಏರಿನಲ್ಲಿ, ಒಂದಕ್ಕೊಂದು ಆತುಕೊಂಡ ಮನೆಗಳ ಸಂದಿಯಲ್ಲಿ, "ಸಾವಂತ್ರೆವ್ವನ ಮನಿ ಎಲ್ಲೈತಿ?" ಎಂದು ಕೇಳುತ್ತ ಏದುಸಿರು ಬಿಡುತ್ತ ಹತ್ತಿದೆ. ಕೇಳಿದವರೆಲ್ಲ, ನಿಮಗೂ ಜ್ವರವೇ ಎಂದು ಕನಿಕರದಿಂದ ದಾರಿ ತೋರಿಸಿದರು. ಯಾಕೆಂದು ಅಲ್ಲಿಗೆ ಹೋದ ಮೇಲೆ ಗೊತ್ತಾಯಿತು. ಓಣಿಯಲ್ಲಿ ಜ್ವರ ಬಂದು ಬಾಯಿ ಕೆಟ್ಟವರಿಗೆಲ್ಲ ಸಾವಂತ್ರೆವ್ವ ಗಂಜಿಯ ಜೊತೆ ಒಂದೊಂದು ಚೂರು ಹಂಚಿಬಿಟ್ಟಿದ್ದಳು. ಬರಣಿ ಕಾಲು ಭಾಗಕ್ಕೆ ಇಳಿದಿತ್ತು.

ನಾನು ತಪ್ಪೊಪ್ಪಿಕೊಂಡು ಕೈಮುಗಿದೆ. ಅವಳು ಬರಣಿಯ ಬಾಯಿಗೆ ತೊಳೆದ ಅರಿವೆ ಕಟ್ಟಿ ಕೊಟ್ಟಳು. "ನಿನ್ನಿ ಕೇಳಾಕ ತಯಾರಿರಲಿಲ್ರಿ ನೀವು. ಅಲ್ಲೇ ಬಿಟ್ರ ನೀವ ಒಗದಬಿಡ್ತೀರಿ ಅಂತ ನಾನ ಇಟಗೊಂಡೆ. ಹಾಕಿದಾಕಿ ಕೈ ಭಾಳ ಚಲೋ ಇತ್ರಿ."

ಆ ಮಾತನ್ನು ಹಾಗೆಯೇ ಶೆಡ್ಡಿಗೆ ತಂದು ಮಾವನವರಿಗೆ ಒಪ್ಪಿಸಿದೆ. ಓಣಿಯ ಜ್ವರದ ಕಥೆಯನ್ನೂ ಮುಚ್ಚಿಡಲಿಲ್ಲ. ಅವರು "ಚಲೋ ಆತು" ಎಂದರು. ಆಮೇಲೆ ಬರಣಿಯನ್ನು ಒಯ್ದು ಗಾಡಿಯ ಕಪಾಟಿನಲ್ಲೇ ಇಟ್ಟು, ಅಮೇಯನ ಕೈಗೆ ಕೀಲಿಕೈ ಕೊಟ್ಟರು. ನನಗೆ ದಿಕ್ಕು ತಪ್ಪಿದಂತಾಯಿತು. ಇಷ್ಟೆಲ್ಲ ಓಡಾಡಿದ್ದು ಮನೆಗೆ ಒಯ್ಯಲಿಕ್ಕಲ್ಲವೇ ಎಂದು ಕೇಳಿದೆ.

"ಮನ್ಯಾಗ ಎಲ್ಲಿ ಘಾಟು ಬರ್ತದ? ಅದು ಗಾಡೀದು. ಈ ಹುಡುಗಿಗೆ ಬೇಕಾಗ್ತದ" ಎಂದು ಪ್ರಾಚಿಯನ್ನು ತೋರಿಸಿದರು. ಸುಹಾಸಿನಿ ಅವಳನ್ನು ಒಳಗೆ ಕರೆದು, ಎಷ್ಟು ಚೂರು ಕೊಡಬೇಕು, ಯಾವ ಚಮಚ ಹಾಕಬಾರದು ಎಂದು ಹೇಳಿಕೊಡತೊಡಗಿದಳು.

ನನಗೆ ನಾಚಿಕೆಯಾಯಿತು. ಇಂಥ ಗಾಡಿಯ ಗಂಧವೇ ಇಲ್ಲದ ನನಗೆ ಈ ಕೆಲಸ ಯಾಕೆ ಹಚ್ಚಿದಿರಿ ಎಂದು ಮಾವನವರನ್ನು ಮೆಲ್ಲಗೆ ಕೇಳಿಯೇಬಿಟ್ಟೆ.

"ಅದಕ್ಕಽ ಹಚ್ಚಿದ್ದು, ದಿನಕರರಾವ್. ಇದರಾಗ ಒಂದು ದಿನಾನೂ ಕೂತಿರದವರು ಮನ್ಯಾಗ ನೀವೊಬ್ಬರಽ. ನಮ್ಮ ಕೈಲೆ ಮಾರೂದು ಆಗತಿದ್ದಿಲ್ಲ."

ರಸ್ತೆಯ ತನಕ ಎಲ್ಲರನ್ನೂ ಕೂಡಿಸಿಕೊಂಡು ಹೋಗುತ್ತೇನೆ ಎಂದು ಅಮೇಯ ಇಂಜಿನ್ ಚಾಲೂ ಮಾಡಿದ. ಮಾವನವರು ಮುಂದೆ ಕೂತರು, ಮಗಳು ಹಿಂದೆ. ನಾನು ಸ್ಕೂಟರಿನ ಕಡೆ ಹೊರಟಿದ್ದೆ. ಮಾವನವರು ಕಿಟಕಿಯಿಂದ ತಲೆ ಹೊರಹಾಕಿ ಕರೆದರು.

"ಬರ್ರಿ, ನೀವೂ ಹತ್ರಿ. ಮಾರಿ ಆತಲ್ಲ, ಇನ್ನ ಕೂತರ ನಡೀತದ."